ತಪ್ಪು ನುಡಿಸುವ ಹುಡುಗಿ

ನಮ್ಮ ಪಿಟೀಲು ಮಾಸ್ತರರಿಗೆ ಪಾಠ ಹೇಳುವುದಕ್ಕಿಂತ ಪಾಠ ಹೇಳುವವರ ಹಾಗೆ ಕಾಣುವುದು ಹೆಚ್ಚು ಇಷ್ಟ. ವಾರದಲ್ಲಿ ಎರಡು ದಿನ ಪುತ್ತೂರು, ಒಂದು ದಿನ ಸುಳ್ಯ, ಒಂದು ದಿನ ಕಡಬ ಎಂದು ಅವರ ತರಗತಿಗಳಿದ್ದವು. ಪುತ್ತೂರಿನಲ್ಲಿ ಆರೋಗ್ಯವಾಗಿರುತ್ತಿದ್ದ ಮನುಷ್ಯನಿಗೆ ಕಡಬದ ದಿನ ಬಂತೆಂದರೆ ತಪ್ಪದೆ ಸೊಂಟನೋವು. ಅಲ್ಲಿಯ ಮಕ್ಕಳು ರಬ್ಬರ್ ತೋಟ ದಾಟಿ ಎರಡೆರಡು ಮೈಲಿ ನಡೆದು ಬಂದು, ಕಾದು, ಪಿಟೀಲನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯದೆ ವಾಪಸು ಹೋದದ್ದು ಎಷ್ಟು ಸಲವೋ.

ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಬೆಟ್ಟಂಪಾಡಿಯಿಂದ ಬಸ್ಸಿನಲ್ಲಿ ಪುತ್ತೂರಿಗೆ ಬಂದು ಒಂಬತ್ತು ವರ್ಷ ಅವರಲ್ಲಿ ಕಲಿತಿದ್ದೆ. ಅವರ ಶಿಷ್ಯರಲ್ಲಿ ನೆಟ್ಟಗೆ ನುಡಿಸುತ್ತಿದ್ದವಳು ನಾನೊಬ್ಬಳೇ. ಇದು ಜಂಬವಲ್ಲ, ಉಳಿದವರನ್ನು ಕೇಳಿದ್ದರೆ ನೀವೂ ಒಪ್ಪುತ್ತಿದ್ದಿರಿ. ನನಗೆ ಬೇಕಾಗಿದ್ದುದು ಒಂದೇ: ಕಡಬದ ತರಗತಿ. ಅವರಿಗೆ ಬೇಡದ್ದು, ನನಗೆ ಬೇಕಾದದ್ದು. ಆದರೂ ಎರಡು ವರ್ಷ ‘ನೋಡುವ, ನೋಡುವ’ ಎಂದು ಮೂಗಿಗೆ ತುಪ್ಪ ಸವರುತ್ತಾ ಬಂದರು.

ಆ ಹೊತ್ತಿಗೆ ಮದುವೆಗಳಿಗೆ ವೀಡಿಯೊ ಕಾಲಿಟ್ಟಿತ್ತು. ಯಾರದೋ ಮದುವೆಯ ವೀಡಿಯೊದಲ್ಲಿ ಮಾಸ್ತರರು ಮೂಲೆಯಲ್ಲಿ ಕುಳಿತು ಪಿಟೀಲು ನುಡಿಸುವುದು ಹತ್ತು ಸೆಕೆಂಡು ಬಂದಿತ್ತಂತೆ. ಆ ಹತ್ತು ಸೆಕೆಂಡನ್ನು ಅವರು ಆ ಮನೆಗೆ ಮೂರು ಸಲ ಹೋಗಿ ನೋಡಿಬಂದರು. ಅಲ್ಲಿಗೆ ಮುಗಿಯಿತು. ಇನ್ನು ಮೇಲೆ ಪಾಠವೆಲ್ಲ ವೀಡಿಯೊದಲ್ಲಿ ಎಂದು ಘೋಷಣೆಯಾಯಿತು.

“ಒಂದು ಸಲ ತೆಗೆದರೆ ಆಯ್ತು. ಸುಳ್ಯದವರು ಸುಳ್ಯದಲ್ಲಿ ನೋಡ್ತಾರೆ, ಕಡಬದವರು ಕಡಬದಲ್ಲಿ. ನಾನು ಬಸ್ಸಲ್ಲಿ ಸೊಂಟ ಮುರಿಸಿಕೊಳ್ಳುದು ಯಾಕೆ?”

ಕಲಿಸುವವನಿಲ್ಲದೆ ಕಲಿಸುವ ಈ ಉಪಾಯ ಎಲ್ಲರಿಗೂ ಮೆಚ್ಚುಗೆಯಾಯಿತು. ನನ್ನನ್ನು ಕರೆದು ಅವರು ಹೇಳಿದ್ದು ಇಷ್ಟು: ಮಾಸ್ತರರೊಬ್ಬರೇ ನುಡಿಸಿದರೆ ಪಾಠ ಅನಿಸುವುದಿಲ್ಲ, ಎದುರಿಗೆ ಒಬ್ಬ ಶಿಷ್ಯೆ ಬೇಕು, ಆ ಶಿಷ್ಯೆ ತಪ್ಪಬೇಕು, ಅವರು ತಿದ್ದಬೇಕು. ಚೆನ್ನಾಗಿ ನುಡಿಸುವವಳೇ ಬೇಕು, ಹೇಳಿದ ಜಾಗದಲ್ಲಿ ಮಾತ್ರ ತಪ್ಪುವುದು ಉಳಿದ ದಡ್ಡರಿಂದ ಆಗುವುದಿಲ್ಲ. ಇಷ್ಟು ಮಾಡಿಕೊಟ್ಟರೆ, ಕಡಬಕ್ಕೆ ಹದಿನೈದು ದಿನಕ್ಕೊಮ್ಮೆ ಹೋಗಿ ಮಕ್ಕಳನ್ನು ನೋಡುವ ಕೆಲಸ ನನಗೆ. ತರಗತಿಗಳ ವಾರ್ಷಿಕೋತ್ಸವದ ದಿನ ಸಭೆಯಲ್ಲೇ ಹೇಳುತ್ತೇನೆ ಎಂದರು. ನಾನು ಒಪ್ಪಿದೆ.

ತಪ್ಪಬೇಕಾದ ಜಾಗ ಒಂದು ವರ್ಣದ ಚರಣದ ಸಾಲು. ವರ್ಣದಲ್ಲಿ ಆ ಸಾಲು ಒಂದೇ ಸಲ ಬರುವುದಲ್ಲ, ಒಂದೊಂದು ಸ್ವರಗುಚ್ಛ ಮುಗಿದ ಮೇಲೂ ಮರಳಿ ಬರುತ್ತದೆ. ಅದರ ಕೊನೆಯಲ್ಲಿ ಸ್ವರ ಸೀದಾ ಕೆಳಗಿಳಿಯಬೇಕು. ನಾನು ನಡುವೆ ನಿಂತು, ಒಮ್ಮೆ ಮೇಲಕ್ಕೆ ಜಾರಿ, ಆಮೇಲೆ ಇಳಿಯುವುದೆಂದು ತೀರ್ಮಾನವಾಯಿತು. ಮನೆಯ ಚಾವಡಿಯಲ್ಲಿ ಕುಳಿತು ಒಂದು ವಾರ ಆ ತಪ್ಪನ್ನು ಅಭ್ಯಾಸ ಮಾಡಿದೆ. ತಪ್ಪನ್ನಾದರೂ ಲಕ್ಷಣವಾಗಿ ಮಾಡಬೇಕೆಂಬ ಹಠ ನನ್ನದು. ಕೊನೆಕೊನೆಗೆ ಅದು ಎಷ್ಟು ನುಣುಪಾಯಿತೆಂದರೆ ಅಮ್ಮ ಅಡುಗೆಮನೆಯಿಂದಲೇ ಚಂದ ಉಂಟು ಎಂದಳು.

ಚಿತ್ರೀಕರಣದ ದಿನ ಮಾಸ್ತರರು ಮದುಮಗನ ಹಾಗೆ ಬಂದರು. ಎರಡು ಉಂಗುರ, ಜರಿಶಾಲು, ತಲೆಗೆ ಮಾಮೂಲಿಗಿಂತ ಹೆಚ್ಚು ಎಣ್ಣೆ. ಪಾಠ ಕೇಳಿಸಿಕೊಳ್ಳಲೆಂದು ಊರಿನ ನಾಲ್ಕು ಗಣ್ಯರನ್ನು ಬೇರೆ ಕರೆದು ಕುರ್ಚಿ ಹಾಕಿಸಿದ್ದರು. ಕ್ಯಾಮರಾ ಹಿಡಿದವನು ಮದುವೆ ಬಿಟ್ಟರೆ ಬೇರೆ ಏನನ್ನೂ ತೆಗೆದವನಲ್ಲ. ಗಣ್ಯರು ಬಂದರೆ ಗಣ್ಯರನ್ನು ತೆಗೆಯಬೇಕು, ಕಾಫಿ ಬಂದರೆ ಕಾಫಿ ಕುಡಿಯುವವರನ್ನು ತೆಗೆಯಬೇಕು, ಹುಡುಗಿ ಕಂಡರೆ ಮುಡಿಯ ಹೂವಿನಿಂದ ಕೈಯ ಬಳೆಯವರೆಗೆ ನಿಧಾನವಾಗಿ ಇಳಿಯಬೇಕು. ಇಷ್ಟು ಅವನ ವಿದ್ಯೆ. ನಾನು ತಪ್ಪು ನುಡಿಸುವಾಗ ಅವನ ಕ್ಯಾಮರಾ ಹೂವಿನಿಂದ ಇಳಿದು ನನ್ನ ಬಳೆಗೆ ಬಂದು, ಬೆರಳ ಮೇಲೆ ನಿಂತಿತು. ಮಾಸ್ತರರು ‘ಛೆ’ ಎಂದು ತಲೆಯಾಡಿಸಿ ತಿದ್ದಿದರು. ಅವರು ಸರಿಯಾದದ್ದನ್ನು ನುಡಿಸುವ ಹೊತ್ತಿಗೆ ಕ್ಯಾಮರಾ ಅವರ ಶಾಲಿನ ಜರಿಯನ್ನು ಸವರಿಕೊಂಡು ಗಣ್ಯರ ಕಡೆ ಹೋಗಿಬಿಟ್ಟಿತು.

ಇನ್ನೊಮ್ಮೆ ತೆಗೆಯೋಣವೇ ಎಂದು ನಾನು ಕೇಳಿದೆ. ಕ್ಯಾಮರಾದವನಿಗೆ ಸಿಟ್ಟು ಬಂತು.

“ಎಂತ ಮಾರಾಯ್ರೆ, ಮದುವೆಯಲ್ಲಿ ತಾಳಿ ಎರಡು ಸಲ ಕಟ್ಟಿಸ್ತಾರಾ?”

ಮಾಸ್ತರರು ಕ್ಯಾಸೆಟ್ ನೋಡಿದರು. ಅಂದರೆ ತಮ್ಮನ್ನು ನೋಡಿಕೊಂಡರು. ಬಹಳ ಚೆನ್ನಾಗಿದೆ ಎಂದರು.

ಪುತ್ತೂರಿನಲ್ಲೂ ಸುಳ್ಯದಲ್ಲೂ ಬಾಡಿಗೆ ವಿಸಿಆರ್ ತಂದು ನೋಡಿದರು. ಕಡಬದಲ್ಲಿ ಬ್ಯಾರಿ ಮುಸ್ಲಿಮರಾದ ಬಟ್ಟೆ ವ್ಯಾಪಾರಿಯೊಬ್ಬರ ಮನೆಯಲ್ಲಿ, ಮಗ ಗಲ್ಫಿನಿಂದ ತಂದ ಟಿವಿ, ವಿಸಿಆರ್ ಇದ್ದವು. ಮಾಸ್ತರರೇ ಕೈಗೆ ಸಿಗದ ಮಕ್ಕಳಿಗೆ ಆ ಮನೆಯ ಅಮ್ಮ ಪ್ರತಿ ಭಾನುವಾರ ಮುಂಬಾಗಿಲು ತೆರೆದಿಟ್ಟು, ಚಾಪೆ ಹಾಸಿ, ಚಹಾ ಮಾಡಿಕೊಟ್ಟರು. ಹೆಚ್ಚಿನವರು ಕೇರಳದಿಂದ ಬಂದು ನೆಲೆಸಿದ ಕ್ರಿಶ್ಚಿಯನ್ ಕುಟುಂಬಗಳ ಮಕ್ಕಳು. ಈ ಇಡೀ ಪ್ರಹಸನದಲ್ಲಿ ನನಗೆ ಮರ್ಯಾದೆ ಇರುವುದು ಆ ಅಮ್ಮನೊಬ್ಬರ ಮೇಲೆ.

ನನಗೆ ಸಿಕ್ಕಿದ್ದು ಕೀರ್ತಿ. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಹೆಂಗಸೊಬ್ಬರು ಹತ್ತಿರ ಬಂದು, ವೀಡಿಯೊದಲ್ಲಿ ತಪ್ಪು ನುಡಿಸುವ ಹುಡುಗಿ ನೀನಲ್ಲವೇ, ಈಗ ಸರಿಯಾಯಿತೇ ಎಂದು ಕೇಳಿದರು. ಪಂಜದಲ್ಲಿ ನೆಂಟರ ಮನೆಗೆ ಹೋದರೆ ಅಲ್ಲಿಯೂ ಅದೇ. ಒಂಬತ್ತು ವರ್ಷ ಸರಿಯಾಗಿ ನುಡಿಸಿದ್ದನ್ನು ಯಾರೂ ಕೇಳಿರಲಿಲ್ಲ, ಒಂದು ಸಲ ತಪ್ಪಿದ್ದನ್ನು ಮೂರು ಊರು ನೋಡಿತ್ತು. ವಾರ್ಷಿಕೋತ್ಸವ ಬರಲಿ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಬಂತು. ಪುತ್ತೂರಿನ ಒಂದು ಸಭಾಭವನದಲ್ಲಿ ಮೂರೂ ಊರಿನ ಮಕ್ಕಳು ಮೊದಲ ಸಲ ಒಟ್ಟಿಗೆ ಕುಳಿತರು. ಎಲ್ಲರನ್ನೂ ಕೂಡಿಸಿ ಒಂದು ಅಭ್ಯಾಸವಾದರೂ ಮಾಡೋಣ ಎಂದು ನಾನು ಹೇಳಿದಾಗ, ವೀಡಿಯೊ ಇರುವಾಗ ಅಭ್ಯಾಸ ಯಾಕೆ ಎಂದಿದ್ದರು ಮಾಸ್ತರರು. ನಡುವೆ ಅವರು, ಪಕ್ಕದಲ್ಲಿ ನಾನು, ಹಿಂದೆ ಇಪ್ಪತ್ತು ಮಕ್ಕಳು. ವರ್ಣ ಶುರುವಾಗಿ ಚರಣಕ್ಕೆ ಬಂತು. ಮಾಸ್ತರರೂ ನಾನೂ ಸೀದಾ ಇಳಿದೆವು. ಇಪ್ಪತ್ತು ಪಿಟೀಲುಗಳು ನಡುವೆ ನಿಂತು, ಮೇಲಕ್ಕೆ ಜಾರಿ, ಆಮೇಲೆ ಇಳಿದವು. ಒಂದೂ ಅಳುಕಲಿಲ್ಲ.

ನನ್ನ ತಪ್ಪು ಅದು, ನಾನು ನುಣುಪು ಮಾಡಿ ಇಟ್ಟದ್ದು. ಮಕ್ಕಳು ಟಿವಿಯೆದುರು ಕುಳಿತು ಬೆರಳು ನೋಡಿ ಕಲಿತಿದ್ದರು. ಬೆರಳು ಕಂಡದ್ದು ನನ್ನದು ಮಾತ್ರ.

ಎರಡನೆಯ ಸಲ ಆ ಸಾಲು ಬಂದಾಗ ಮಾಸ್ತರರ ಕಮಾನು ತಡವರಿಸಿತು. ಸಭೆಯಲ್ಲಿ ಗುಸುಗುಸು. ಮನೆಯಲ್ಲಿ ಮಕ್ಕಳು ದಿನವೂ ನುಡಿಸುವುದನ್ನೇ ಕೇಳಿ ಪಳಗಿದ ತಂದೆತಾಯಿಗಳ ಕಿವಿಗೆ ಇಪ್ಪತ್ತು ಮಕ್ಕಳು ಸರಿ, ಮುಂದೆ ಕುಳಿತ ಇಬ್ಬರು ತಪ್ಪು. ನಿಲ್ಲಿಸಿ, ತಿದ್ದಿ, ಮುಂದೆ ಹೋಗಬಹುದಿತ್ತು. ಗುರು ಎನ್ನುವವನು ಮಾಡುವುದು ಅದನ್ನೇ. ಮೂರನೆಯ ಸಲ ನಮ್ಮ ಮಾಸ್ತರರು ಮಕ್ಕಳ ಜೊತೆ ಮೇಲಕ್ಕೆ ಜಾರಿದರು. ಅಷ್ಟೇ ಅಲ್ಲ, ನನ್ನ ಕಡೆ ತಿರುಗಿ, ವೀಡಿಯೊದಲ್ಲಿ ಮಾಡಿದ ಹಾಗೆಯೇ ‘ಛೆ’ ಎಂದು ತಲೆಯಾಡಿಸಿದರು. ಸಭೆ ನಕ್ಕಿತು. ತಪ್ಪು ನುಡಿಸುವ ಹುಡುಗಿ ಇನ್ನೂ ಸರಿಯಾಗಿಲ್ಲ ಎಂದು ಅವರಿಗೆ ಖಾತ್ರಿಯಾಯಿತು.

ನಾಲ್ಕನೆಯ ಸಲ ನಾನೂ ಜಾರಿದೆ.

ಮಾಸ್ತರರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಕಡಬದ ತರಗತಿ ಇನ್ನು ಈ ಹುಡುಗಿಯದು, ಅವಳೂ ನಿಧಾನಕ್ಕೆ ಕಲಿಯುತ್ತಿದ್ದಾಳೆ ಎಂದು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ಎರಡು ವರ್ಷ ಕಾದದ್ದು ಕೈಗೆ ಬಂದಿತ್ತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಹೇಡಿ, ಹೆಗ್ಗಣ, ಇನ್ನೂ ಏನೇನೋ. ಮೊದಲ ದಿನವೇ ಕಡಬದಲ್ಲಿ ಆ ಸಾಲನ್ನು ತಿದ್ದುತ್ತೇನೆ, ಆಮೇಲೆ ಯಾರು ನಗುತ್ತಾರೋ ನೋಡೋಣ ಎಂದುಕೊಂಡೆ.

ಮೊದಲ ದಿನ ಆ ವ್ಯಾಪಾರಿಯ ಮನೆಯ ಚಾಪೆಯ ಮೇಲೆ ಏಳು ಮಕ್ಕಳು ಕುಳಿತಿದ್ದರು. ಬಾಗಿಲ ಹತ್ತಿರ ಅವರ ತಾಯಂದಿರು, ಈ ಹುಡುಗಿಯಿಂದ ಏನಾದೀತು ಎಂಬ ಮುಖ ಮಾಡಿಕೊಂಡು. ಮಕ್ಕಳು ವರ್ಣ ನುಡಿಸಿದರು, ಆ ಜಾಗದಲ್ಲಿ ಒಟ್ಟಿಗೆ ಮೇಲಕ್ಕೆ ಜಾರಿದರು. ನಾನು ಬಾಯಿ ತೆರೆಯುವ ಮೊದಲೇ ಆ ಮನೆಯ ಅಮ್ಮ ಚಹಾದ ತಟ್ಟೆ ಹಿಡಿದು ಒಳಗಿನಿಂದ ಬಂದರು. ಸ್ವಲ್ಪ ಸಂಕೋಚದಿಂದಲೇ ಕೇಳಿದರು.

“ನನಗೆ ಇದೆಲ್ಲ ಗೊತ್ತಿಲ್ಲ. ನಾನು ಟಿವಿ ನೋಡಿದ್ದಿಲ್ಲ, ಅಡುಗೆ ಕೋಣೆಯಿಂದ ಕೇಳಿದ್ದು ಮಾತ್ರ. ಮಾಸ್ತರರು ನುಡಿಸುವಾಗ ಅದು ಸೀದಾ ಕೆಳಗೆ ಹೋಗುದಲ್ವಾ? ಇವರೆಲ್ಲ ಮೇಲೆ ಹೋಗುದು ಯಾಕೆ?”

ತಾಯಂದಿರೆಲ್ಲ ನನ್ನನ್ನೇ ನೋಡಿದರು.

“ಈಗ ಹೀಗೆಯೇ ನುಡಿಸುದು” ಎಂದೆ.

ಅವರು ಹೌದಾ ಎಂದರು. ನನ್ನ ಮುಖವನ್ನು ಒಂದು ಕ್ಷಣ ನೋಡಿ, ಚಹಾದ ಗ್ಲಾಸು ನನ್ನ ಮುಂದಿಟ್ಟು ಒಳಗೆ ಹೋದರು. ನಾನು ಮಕ್ಕಳಿಗೆ ಇನ್ನೊಮ್ಮೆ ಆ ಸಾಲು ನುಡಿಸಲು ಹೇಳಿ, ತೊಡೆಯ ಮೇಲೆ ತಾಳ ಹಾಕಿದೆ.