ಗ್ರ್ಯಾಂಡ್‌ಮಾಸ್ಟರ್ ಎಂದು ಬರೆದವನು

ಹೊಸನಗರ ಬಸ್‌ಸ್ಟ್ಯಾಂಡಿನ ಪಕ್ಕದ ಪೇಪರ್ ಅಂಗಡಿಯ ಜಟ್ಟಿಂಗಪ್ಪ ಪತ್ರಿಕೆಯ ಏಜೆಂಟನೂ ಹೌದು, ವರದಿಗಾರನೂ ಹೌದು. ಬೆಳಗ್ಗೆ ಕಟ್ಟು ಬಿಚ್ಚಿ ಮನೆಮನೆಗೆ ಹಂಚುವವನು ಅವನೇ, ಅದರೊಳಗೆ ತಾಲೂಕಿನ ಸುದ್ದಿ ತುಂಬುವವನೂ ಅವನೇ, ಹಬ್ಬ ಬಂದರೆ ಶುಭಾಶಯದ ಜಾಹೀರಾತಿಗೆ ಅಂಗಡಿ ಅಂಗಡಿ ಅಲೆಯುವವನೂ ಅವನೇ. ಮೂವತ್ತು ವರ್ಷದಿಂದ ಇದೇ ಬಾಳು. ಅದಕ್ಕೂ ಮೊದಲು ಭೂಮಿ ಹಕ್ಕಿನ ಜಾಥಾಗಳಲ್ಲಿ ಗಂಟಲು ಹರಿಯುವಂತೆ ಕೂಗಿದವ. ಇನ್ನೂರು ಜನ ಸೇರಿದ್ದನ್ನು ಎರಡು ಸಾವಿರ ಎಂದು ಬರೆಯುವುದನ್ನು ಅಲ್ಲೇ ಕಲಿತ. ಒಳ್ಳೆಯದಕ್ಕೆ ತಾನೆ ಎಂಬ ಸಮಾಧಾನವೂ ಅಲ್ಲಿಂದಲೇ ಬಂದದ್ದು.

ಜೂನ್ ತಿಂಗಳ ಒಂದು ಮಂಗಳವಾರ ನಿಟ್ಟೂರಿನ ಜ್ಯೋತಿಲಕ್ಷ್ಮಿ ಮಗಳು ಸ್ವಾತಿಯನ್ನು ಕರೆದುಕೊಂಡು ಅವನ ಅಂಗಡಿಗೆ ಬಂದಳು. ದಪ್ಪ ಫೈಲೊಂದನ್ನು ಪತ್ರಿಕೆಗಳ ಮೇಲೆ ದೊಪ್ಪನೆ ಹಾಕಿದಳು.

"ಜಟ್ಟಿಂಗಣ್ಣಾ, ನೀವು ಬರೆದಿದ್ದು ನನ್ನ ಮಗಳ ಕುತ್ತಿಗೆಗೆ ಬಂತು ನೋಡಿ."

"ಎಂತ ಬರೆದ್ನೇ ಮಾರಾಯ್ತಿ? ಮೊದ್ಲು ಕೂತ್ಕೊ."

"ಕೂರಕ್ಕೆ ಬಂದಿಲ್ಲ ನಾನು."

ಹತ್ತನೇ ತರಗತಿ ಮುಗಿಸಿದ್ದ ಸ್ವಾತಿ ತೀರ್ಥಹಳ್ಳಿಯ ಖಾಸಗಿ ಕಾಲೇಜೊಂದಕ್ಕೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಿದ್ದಳು. ಚೆಸ್ ಆಡುವವರಿಗೆ ಅಲ್ಲಿ ಸೀಟೂ ಹಾಸ್ಟೆಲೂ ಉಚಿತ. ಸೋಮವಾರ ಕ್ರೀಡಾ ನಿರ್ದೇಶಕಿ ವಾಗ್ದೇವಿ ಫೈಲು ತೆಗೆದರೆ ಮೊದಲ ಪುಟದಲ್ಲೇ ಜಟ್ಟಿಂಗಪ್ಪನ ಹಳೆಯ ವರದಿ: 'ಗ್ರ್ಯಾಂಡ್‌ಮಾಸ್ಟರ್ ಸ್ವಾತಿಗೆ ಅಂತರರಾಷ್ಟ್ರೀಯ ಪ್ರಶಸ್ತಿ'. ಮೇಡಂ ಮೊಬೈಲಿನಲ್ಲಿ ಹೆಸರು ಹುಡುಕಿದರು. ಗ್ರ್ಯಾಂಡ್‌ಮಾಸ್ಟರ್ ಎಂಬ ಚೆಸ್ಸಿನ ಅತಿ ದೊಡ್ಡ ಪಟ್ಟ ಎಲ್ಲಿಯೂ ಇರಲಿಲ್ಲ. ಆಟಗಾರರ ಮಟ್ಟ ಅಳೆಯಲು ವಿಶ್ವ ಚೆಸ್ ಸಂಸ್ಥೆ ಕೊಡುವ ರೇಟಿಂಗ್ ಮಾತ್ರ ಇತ್ತು, ಸಾವಿರದ ನಾನೂರ ಅರವತ್ತೆರಡು. ಕೋಟಾಕ್ಕೆ ಅಷ್ಟೇ ಸಾಕಿತ್ತು. ಆದರೆ ಸುಳ್ಳು ದಾಖಲೆ ಇಟ್ಟವರಿಗೆ ಸೀಟು ಕೊಡುವುದಿಲ್ಲ, ಶುಕ್ರವಾರದೊಳಗೆ ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಿ ತನ್ನಿ ಎಂದು ಅವರು ಫೈಲು ಮುಚ್ಚಿದರು.

"ಆ ಪೇಪರ್ ತುಂಡು ಇಡೋದ್ ಬೇಡ ಅಂದಿದ್ದೆ ಮಾವ," ಎಂದಳು ಸ್ವಾತಿ. "ಅಮ್ಮ ಕೇಳ್ಲಿಲ್ಲ."

"ಪೇಪರಲ್ಲಿ ಬಂದಿದ್ದು ಸುಳ್ಳು ಅಂತ ನಂಗೆ ಕನಸು ಬಿದ್ದಿತ್ತಾ?" ಎಂದು ಜ್ಯೋತಿಲಕ್ಷ್ಮಿ ಮಗಳನ್ನು ಗದರಿ ಜಟ್ಟಿಂಗಪ್ಪನನ್ನು ದುರುಗುಟ್ಟಿ ನೋಡಿದಳು.

ನಾಲ್ಕು ವರ್ಷದ ಹಿಂದೆ ಸಾಗರದ ಛತ್ರವೊಂದರಲ್ಲಿ ನಡೆದ ಪಂದ್ಯಾವಳಿ ಅದು. ರೇಟಿಂಗ್ ಲೆಕ್ಕಕ್ಕೆ ಬರುವ ಆಟವಾದ್ದರಿಂದ ಬ್ಯಾನರಿನಲ್ಲಿ 'ಅಂತರರಾಷ್ಟ್ರೀಯ' ಎಂದಿತ್ತು. ಎಲ್ಲ ವಯಸ್ಸಿನವರೂ ಒಟ್ಟಿಗೇ ಆಡಿದ ಅದರಲ್ಲಿ ಹದಿಮೂರು ವರ್ಷದೊಳಗಿನ ಹುಡುಗಿಯರ ಪೈಕಿ ಸ್ವಾತಿ ಪ್ರಥಮ. ಆ ವಿಭಾಗದಲ್ಲಿ ಒಟ್ಟು ಎಷ್ಟು ಹುಡುಗಿಯರಿದ್ದರು ಎಂದು ಜಟ್ಟಿಂಗಪ್ಪ ಕೇಳಲಿಲ್ಲ. ಇದ್ದವರು ಮೂವರು. ಚೆಸ್ಸಿನಲ್ಲಿ ಗೆದ್ದವರನ್ನೆಲ್ಲ ಗ್ರ್ಯಾಂಡ್‌ಮಾಸ್ಟರ್ ಎನ್ನುತ್ತಾರೆ ಎಂದುಕೊಂಡು ಬರೆದು ಕಳಿಸಿದ. ಸುದ್ದಿ ಬಂದದ್ದೇ ತಡ, ಹೊಸನಗರದಲ್ಲಿ ಸನ್ಮಾನ, ಸಾಗರದಲ್ಲಿ ಎರಡು, ತೀರ್ಥಹಳ್ಳಿಯಲ್ಲಿ ತೆರೆದ ಜೀಪಿನ ಮೆರವಣಿಗೆ. ಪೇಟ ಹುಡುಗಿಯ ಕಣ್ಣಿನ ತನಕ ಇಳಿಯುತ್ತಿತ್ತು.

ಆಮೇಲಿನದ್ದನ್ನು ಯಾರೂ ಬರೆಯಲಿಲ್ಲ. ಅವಳು ಹೋದ ಕಡೆಯೆಲ್ಲ ಎದುರಾಳಿಗಳು ಹುರುಪಿನಿಂದ ಕೂತು ಸೋಲಿಸಿದರು. ಎಂಟು ವರ್ಷದ ಪೋರನೊಬ್ಬ 'ಗ್ರ್ಯಾಂಡ್‌ಮಾಸ್ಟರನ್ನು ಹೊಡೆದೆ' ಎಂದು ಅವಳನ್ನು ಪಕ್ಕಕ್ಕೆ ನಿಲ್ಲಿಸಿ ಫೋಟೋ ತೆಗೆಸಿಕೊಂಡ. ಜೀಪಿನ ಹಿಂದೆ ನಡೆದ ಒಬ್ಬನೂ ಮತ್ತೆ ಕೇಳಲು ಬರಲಿಲ್ಲ. ನಿಟ್ಟೂರಿನ ಮೋರಿ ಕಟ್ಟೆಯ ಮೇಲೆ, ನೆಟ್‌ವರ್ಕ್ ಸಿಕ್ಕಷ್ಟು ಹೊತ್ತು ಕೂತು ಹುಡುಗಿ ಒಬ್ಬಳೇ ಕಲಿತಳು. ಮೂರು ವರ್ಷ ಸೋತು ಸೋತು, ಹೋದ ತಿಂಗಳು ಮೊದಲ ರೇಟಿಂಗ್ ಪಡೆದಳು.

ಜಟ್ಟಿಂಗಪ್ಪ ಶಿವಮೊಗ್ಗ ಕಚೇರಿಯ ಉಪಸಂಪಾದಕ ಶ್ರೀಕರನಿಗೆ ಫೋನ್ ಮಾಡಿ ತಿದ್ದುಪಡಿ ಕೇಳಿದ.

"ನಾಲ್ಕು ವರ್ಷದ ಹಿಂದಿನ ಸುದ್ದಿಗಾ? ನಿನ್ನೆ ಮಾಡಿದ ತಪ್ಪಿಗೇ ಇಲ್ಲಿ ಜಾಗ ಇಲ್ಲ, ಜಟ್ಟಿಂಗಪ್ಪ."

"ಹಾಗಾದ್ರೆ ಈಗಿಂದು ಹಾಕಿ. ಮೊದಲ ರೇಟಿಂಗ್ ಬಂದಿದೆ ಹುಡುಗಿಗೆ. ಇದು ನಿಜವಾದ್ದು."

"ಗ್ರ್ಯಾಂಡ್‌ಮಾಸ್ಟರ್ ಆದವಳಿಗೆ ಈಗ ಮೊದಲ ರೇಟಿಂಗಾ? ಹೆರಿಗೆ ಆದ್ಮೇಲೆ ನಿಶ್ಚಿತಾರ್ಥದ ಕಾರ್ಡು ಹಂಚಿದ ಹಾಗಾಯ್ತಲ್ರೀ!"

"ಆ ಹೆರಿಗೇನೇ ಸುಳ್ಳು ಅಂತಿದೀನಲ್ಲ ಮಾರಾಯ್ರೆ. ಬರೆದವ ನಾನೇ."

"ಕಳಿಸಿ, ನೋಡೋಣ."

ಐದು ಸಲ ಹರಿದು ಬರೆದ. 'ಹಿಂದಿನ ವರದಿ ತಪ್ಪಾಗಿತ್ತು, ಆಟಗಾರ್ತಿ ಎಂದೂ ಹಾಗೆ ಹೇಳಿಕೊಂಡಿಲ್ಲ' ಎಂಬುದನ್ನು ಕೊನೆಯ ಪ್ಯಾರಾದಲ್ಲಿಟ್ಟ. ಜಾಗ ಸಾಲದಿದ್ದರೆ ಕೊನೆಯ ಪ್ಯಾರಾಕ್ಕೇ ಮೊದಲ ಕತ್ತರಿ ಎಂಬ ಇಷ್ಟು ವರ್ಷದ ಅನುಭವವಿದ್ದೂ ಅದನ್ನು ಕೊನೆಯಲ್ಲಿಟ್ಟ. ಗುರುವಾರದ ಕಟ್ಟು ಬಿಚ್ಚಿದರೆ, 'ಗ್ರ್ಯಾಂಡ್‌ಮಾಸ್ಟರ್ ಸ್ವಾತಿ ಮುಡಿಗೆ ಮತ್ತೊಂದು ಗರಿ'. ಕೊನೆಯ ಪ್ಯಾರಾ ಇದ್ದ ಜಾಗದಲ್ಲಿ ಟೈಲ್ಸ್ ಅಂಗಡಿಯ ಜಾಹೀರಾತು. ಹತ್ತು ಗಂಟೆಯೊಳಗೆ ಇಬ್ಬರು ಫೋನ್ ಮಾಡಿ ಸನ್ಮಾನಕ್ಕೆ ದಿನ ಕೇಳಿದರು.

ಶುಕ್ರವಾರ ಅಂಗಡಿಗೆ ಬಾಗಿಲು ಹಾಕಿ ತಾಯಿ ಮಗಳ ಜೊತೆ ತೀರ್ಥಹಳ್ಳಿ ಬಸ್ಸು ಹತ್ತಿದ. ಆವತ್ತು ಕೇಳದೆ ಬಿಟ್ಟ ಪಂದ್ಯದ ವಿವರವನ್ನೆಲ್ಲ ದಾರಿಯಲ್ಲಿ ಸ್ವಾತಿಯಿಂದ ಕೇಳಿಕೊಂಡ.

ವಾಗ್ದೇವಿ ಮೇಡಂ ಹೊಸ ಪತ್ರಿಕೆಯನ್ನು ಓದಿ ಮೇಜಿನ ಮೇಲಿಟ್ಟರು. "ತಿದ್ದುಪಡಿ ತನ್ನಿ ಅಂದ್ರೆ ಇನ್ನೊಂದು ತಂದಿದೀರಲ್ರೀ."

"ಮೇಡಂ, ಆವತ್ತು ಬರೆದವ ನಾನು. ಯಾರನ್ನೂ ಕೇಳ್ದೆ ಬರೆದೆ. ಇವ್ರದ್ದು ಇದ್ರಲ್ಲಿ ಎಂತದೂ ಇಲ್ಲ."

"ಬಾಯಲ್ಲಿ ಹೇಳಿದ್ರೆ ಆಗಲ್ಲ." ಮೇಡಂ ಬಿಳಿ ಹಾಳೆಯೊಂದನ್ನು ಅವನತ್ತ ತಳ್ಳಿದರು.

ಜಟ್ಟಿಂಗಪ್ಪ ಬರೆದ: 'ಮೂವರು ಹುಡುಗಿಯರಲ್ಲಿ ಪ್ರಥಮ. ಒಂಬತ್ತು ಸುತ್ತಿನಲ್ಲಿ ಮೂರು ಅಂಕ. ಗ್ರ್ಯಾಂಡ್‌ಮಾಸ್ಟರ್ ಎಂದದ್ದು ನನ್ನ ತಪ್ಪು.'

ಸ್ವಾತಿ ಬಗ್ಗಿ ಓದಿದಳು. "ಎರಡೂವರೆ, ಮಾವ."

"ಹ್ಞಾಂ?"

"ಮೂರಲ್ಲ. ಎರಡೂವರೆ ಅಂಕ."

ಅವನು ಹೊಡೆದು ಹಾಕಿ ಎರಡೂವರೆ ಎಂದು ಬರೆದು, ಕೆಳಗೆ ಸಹಿ ಮಾಡಿದ. ಮೇಡಂ ಹುಡುಗಿಯ ಮುಖವನ್ನೊಮ್ಮೆ ನೋಡಿ, ಆ ಹಾಳೆ ಮತ್ತು ರೇಟಿಂಗಿನ ಪ್ರತಿಯನ್ನು ಇಟ್ಟುಕೊಂಡು, ಶಾಲು ಪೇಟದ ಫೋಟೋಗಳನ್ನೆಲ್ಲ ವಾಪಸು ಕೊಟ್ಟರು.

"ಸೀಟು ಕೊಡ್ತೀನಿ. ಹಾಸ್ಟೆಲ್ ಪಟ್ಟಿ ನಿನ್ನೆ ಸಂಜೆನೇ ಮುಗೀತು. ಸೋಮವಾರವೇ ಈ ಹಾಳೆ ಇದ್ದಿದ್ರೆ ಅದೂ ಆಗ್ತಿತ್ತು."

ಹೊರಗೆ ಮೆಟ್ಟಿಲ ಮೇಲೆ ಜ್ಯೋತಿಲಕ್ಷ್ಮಿ ಕೂತೇಬಿಟ್ಟಳು. ನಿಟ್ಟೂರಿನಿಂದ ದಿನಾ ಬಂದುಹೋಗುವುದೆಂದರೆ ಕತ್ತಲೆಗೆ ಎದ್ದು ಹೊಸನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು.

"ಎಮ್ಮೆಲ್ಲೆ ಕಡೆಯಿಂದ ಒಂದು ಮಾತು ಹೇಳಿಸ್ತೀನಿ," ಎಂದ ಜಟ್ಟಿಂಗಪ್ಪ. "ಹಾಸ್ಟೆಲ್ ಬಗ್ಗೆ ಒಂದು ಸುದ್ದಿನೂ ಮಾಡಿದ್ರೆ..."

"ಬೇಡ ಮಾವ," ಎಂದಳು ಸ್ವಾತಿ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಯಾರಿಗೂ ಎಂತದೂ ಹೇಳ್ಬೇಡಿ. ಬರೀಲೂ ಬೇಡಿ."

ಜಟ್ಟಿಂಗಪ್ಪ ತಲೆಯಾಡಿಸಿದ. ತಾಯಿ ಮಗಳನ್ನು ಅಲ್ಲೇ ಬಿಟ್ಟು, ಹೊಸನಗರದಿಂದ ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ ಬರುತ್ತದೆಂದು ಕೇಳಲು ಬಸ್‌ಸ್ಟ್ಯಾಂಡಿನ ಕಡೆ ನಡೆದ.