ಕಾಳಣ್ಣನ ಕೈಯ ಮಣ್ಣು

ಕಾಳಣ್ಣನ ಕೈಯಲ್ಲಿ ಅವತ್ತು ಮಣ್ಣಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು — ಯಾಕೆಂದರೆ ಆ ಕೈಗೆ ನೀರು ಹೊಯ್ದವನು ನಾನೇ. ಆದರೂ ನಾಲ್ಕು ಜನರ ಮುಂದೆ ಮಣ್ಣಿತ್ತು ಎಂದೆ. ಆಮೇಲೆ ಇಷ್ಟು ವರ್ಷ ತುಟಿ ಹೊಲಿದುಕೊಂಡು ಕೂತೆ.

ಬಾವಲಿಯ ಗಡಿ ಚೆಕ್‌ಪೋಸ್ಟಿನಿಂದ ಸ್ವಲ್ಪ ಈಚೆ ನನ್ನದೊಂದು ಷೆಡ್ಡಿದೆ. ಜೀಪು, ಪಿಕಪ್ಪುಗಳ ಎಂಜಿನ್ ಬಿಚ್ಚಿ ಕಟ್ಟುವುದು ನನ್ನ ಕಸುಬು. ನಮ್ಮ ಹಿರಿಯರು ಗಡಿಯಾಚೆಯ ಕೋಟೆ ತಾಲೂಕಿನ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ನಾನೊಬ್ಬ ಗದ್ದೆ ಬಿಟ್ಟು ಗ್ರೀಸಿಗೆ ಬಿದ್ದೆ. ಮಾನಂದವಾಡಿಯಲ್ಲಿ ಒಬ್ಬ ಆಶಾನ್ — ಕೆಲಸ ಕಲಿಸುವ ಗುರುವನ್ನು ಇಲ್ಲಿ ಹಾಗೆ ಕರೆಯುತ್ತೇವೆ — ನನಗೆ ಎಲ್ಲವನ್ನೂ ಹೇಳಿಕೊಟ್ಟರು. ಹೇಳಿಕೊಟ್ಟಿದ್ದನ್ನು ಪಾಲಿಸುವ ಬುದ್ಧಿಯನ್ನು ಮಾತ್ರ ಅವರಿಂದ ಕೊಡಲಾಗಲಿಲ್ಲ.

ಕಾಳಣ್ಣ ಕಾಡಂಚಿನ ಹಾಡಿಯವನು, ನನಗಿಂತ ದೊಡ್ಡವನು. ಅವನ ಕೈಗುಣಕ್ಕೆ ನಮ್ಮಲ್ಲಿ ಹೆಸರಿತ್ತು. ನಾಟಿಯ ಮೊದಲ ಪೈರನ್ನು ಅವನೇ ಊರಬೇಕು, ಕರು ಹಾಕಿದ ಹಸುವಿನ ಮೊದಲ ಹಾಲನ್ನು ಅವನೇ ಕರೆಯಬೇಕು. ನಿಧಾನಕ್ಕೆ ಈ ನಂಬಿಕೆ ನನ್ನ ಷೆಡ್ಡಿಗೂ ಬಂತು. ಎಂಜಿನ್ ಕಟ್ಟುವಾಗ ಬೇರಿಂಗ್‌ಗಳಿಗೆ ಎಣ್ಣೆ ಸವರಿ ಕ್ರ್ಯಾಂಕ್ ಎಂಬ ತಿರುಗುವ ದಂಡವನ್ನು ಕೂರಿಸುತ್ತೇವಲ್ಲ — ಆ ಎಣ್ಣೆಯನ್ನು ಕಾಳಣ್ಣನ ಕೈಯಲ್ಲೇ ಸವರಿಸಿ ಎಂದು ಜೀಪಿನವರು ಹಟ ಹಿಡಿಯತೊಡಗಿದರು. ನಾನು ನಗುತ್ತಿದ್ದೆ. ಕಾಳಣ್ಣ ನಗುತ್ತಿರಲಿಲ್ಲ. ಎಳೆಗೂಸಿನ ನೆತ್ತಿಗೆ ಎಣ್ಣೆ ಇಡುವಂತೆ, ಒಂದು ಬೆರಳಲ್ಲಿ, ಉಸಿರು ಬಿಗಿಹಿಡಿದು ಸವರುತ್ತಿದ್ದ.

ಅವತ್ತು ಕಟ್ಟುತ್ತಿದ್ದುದು ಶುಂಠಿ ವ್ಯಾಪಾರದ ನಂಜೇಗೌಡರ ಜೀಪಿನ ಎಂಜಿನ್. ಕಾಳಣ್ಣ ಗದ್ದೆಯಿಂದ ನೇರ ಬಂದಿದ್ದ, ಮೊಣಕೈವರೆಗೂ ಕೆಸರು. ನಾನು ಸೋಪು ಕೊಟ್ಟು, ಚೊಂಬಿನಲ್ಲಿ ನೀರು ಹೊಯ್ದೆ. ಅವನು ಬೆರಳ ಸಂದುಗಳನ್ನೂ ಉಗುರುಗಳನ್ನೂ ತಿಕ್ಕಿ ತೊಳೆದು, ಎರಡೂ ಕೈಗಳನ್ನು ನನಗೆ ತೋರಿಸಿದ. ನಾನೇ ಒರೆಸಲು ಬಟ್ಟೆ ಕೊಟ್ಟೆ.

ತಪ್ಪು ಆದದ್ದು ಅದಕ್ಕೂ ಮೊದಲು, ನನ್ನ ಕೈಯಲ್ಲಿ. ಕ್ರ್ಯಾಂಕ್ ತಿರುಗುವ ಮೈನ್ ಬೇರಿಂಗ್ ಎಂದರೆ ಒಂದು ಬಳೆಯ ಎರಡು ಹೋಳು. ಒಂದು ಹೋಳಿನಲ್ಲಿ ಎಣ್ಣೆ ಬರುವ ತೂತು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ತೂತಿನದು ಮೇಲೆ, ಎಂಜಿನ್ನಿನ ಒಡಲಾದ ಬ್ಲಾಕಿಗೆ ಕೂರಬೇಕು, ಎಣ್ಣೆಯ ದಾರಿ ಇರುವುದು ಅಲ್ಲೇ. ತೂತಿಲ್ಲದ್ದು ಕೆಳಗಿನಿಂದ ಬಿಗಿಯುವ ಮುಚ್ಚಳಕ್ಕೆ, ಕ್ಯಾಪಿಗೆ. ಅದಲುಬದಲಾದರೆ ದಾರಿ ಮುಚ್ಚಿಹೋಗಿ ಬೇರಿಂಗ್ ಒಣಗಿ ಸಾಯುತ್ತದೆ. ಹೋಳು ಕೂರಿಸಿದ ಮೇಲೆ ಒಂದು ತಂತಿ ತೂರಿಸಿ ದಾರಿ ತೆರೆದಿದೆಯೇ ನೋಡು ಎಂದು ಆಶಾನ್ ತಲೆಗೆ ಮೊಟಕಿ ಕಲಿಸಿದ್ದರು. ಅವತ್ತು ಸುತ್ತ ಜನ ನಿಂತಿದ್ದರು. ಅವರ ಮುಂದೆ ಕಲಿಯುವವನ ಹಾಗೆ ತಂತಿ ಹಿಡಿದು ಬಗ್ಗುವುದು — ನನಗೆ ನಾಚಿಕೆಯಾಯಿತು. ಹೌದು, ಅಷ್ಟೇ ಕಾರಣ. ನಡುವಿನ ಬೇರಿಂಗಿನ ಹೋಳುಗಳು ಅದಲುಬದಲಾಗಿದ್ದವು, ನಾನು ನೋಡಲಿಲ್ಲ.

ಜೀಪು ತಿರುನೆಲ್ಲಿಯ ಏರಿನಲ್ಲಿ ಕಟಕಟ ಎಂದು ಬಡಿದುಕೊಂಡು ನಿಂತುಹೋಯಿತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆತಂದರು. ಎಲ್ಲರೂ ಸುತ್ತ ನಿಂತಿರುವಾಗಲೇ ಬಿಚ್ಚಿದೆ. ನಡುವಿನ ಕ್ಯಾಪು ಕೈಗೆ ಬಂತು. ತೂತಿನ ಹೋಳು ಅದರಲ್ಲಿತ್ತು.

ಒಂದು ಕ್ಷಣ ಸಾಕಾಗಿತ್ತು, ‘ನಂದೇ ತಪ್ಪು’ ಅನ್ನಲು. ಆ ಹೋಳನ್ನು ಮೆಲ್ಲಗೆ ಜೇಬಿಗೆ ಇಳಿಸಿದೆ. ನಂಜೇಗೌಡರು ಏನಾಯ್ತು ಎಂದು ಕೇಳಿದರು. ನಾನು ತಲೆ ಎತ್ತದೆ ಹೇಳಿದೆ:

“ಕಾಳಣ್ಣನ ಕೈಲಿ ಗದ್ದೆ ಮಣ್ಣಿತ್ತು ಅಂತ ಕಾಣ್ತದೆ. ಬೇರಿಂಗ್‌ಗೆ ಒಂದು ಹರಳು ಸಾಕು.”

ಕಾಳಣ್ಣ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಜಗಳಕ್ಕೆ ಬರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವವನ ಹಾಗೆ ಕೇಳಿದ:

“ನೀವೇ ನೀರು ಹುಯ್ದ್ರಲ್ಲ ಮೇಸ್ತ್ರಿ?”

“ಉಗುರು ಸಂದೀಲಿ ಉಳ್ಕಂಡಿರ್ತದೆ ಕಾಳಣ್ಣ.”

ಅವನು ತನ್ನ ಉಗುರುಗಳನ್ನು ಬಹಳ ಹೊತ್ತು ನೋಡಿದ. “ಇರ್ಬೋದು,” ಎಂದ.

ಮೊದಲನೆಯ ಮಾತು ಹೆದರಿಕೆಯಿಂದ ಬಂತು ಎಂದೇ ಇಟ್ಟುಕೊಳ್ಳಿ. ಎರಡನೆಯದು — ಅವನು ನನಗೆ ತಿದ್ದಿಕೊಳ್ಳಲು ಬಾಗಿಲು ತೆರೆದು ನಿಂತಾಗ, ಆ ಬಾಗಿಲನ್ನು ಅವನ ಮುಖಕ್ಕೇ ಹಾಕಿದ್ದು. ಅದಕ್ಕೆ ಏನೆನ್ನಲಿ.

ಎಂಜಿನ್ ಮತ್ತೆ ಕಟ್ಟಿಕೊಟ್ಟೆ, ಓಡಿತು. ಕಾಳಣ್ಣನನ್ನು ಯಾರೂ ಬೈಯಲಿಲ್ಲ, ಕರೆಯುವುದನ್ನು ಬಿಟ್ಟರು ಅಷ್ಟೇ. ಮುಂದಿನ ನಾಟಿಗೆ ಮೊದಲ ಪೈರು ಊರಲು ಬೇರೆಯವರು ಬಂದರು. ಅವನು ಕೂಲಿಯವರ ಸಾಲಿನ ಕೊನೆಯಲ್ಲಿ ನಿಂತು, ಎಲ್ಲರೂ ನೆಟ್ಟ ಮೇಲೆ ಬಗ್ಗಿದ. ನಾನು ರಸ್ತೆಯಲ್ಲಿ ನಿಂತು ನೋಡಿ, ಯಾರಿಗೋ ಫೋನ್ ಮಾಡುವ ನೆಪದಲ್ಲಿ ತಿರುಗಿಕೊಂಡೆ.

ಹೋದ ವರ್ಷ ಅವನ ಮಗಳ ಮನೆಗೆ ಪಂಪ್ ರಿಪೇರಿಗೆ ಹೋಗಿದ್ದೆ. ಮೊಮ್ಮಗುವಿಗೆ ಮೊದಲ ತುತ್ತು ಉಣಿಸುವ ದಿನ ಅದು, ನನಗೆ ತಿಳಿದಿರಲಿಲ್ಲ. ಮಗಳು ತಟ್ಟೆ ತಂದು ಅಪ್ಪನ ಮುಂದೆ ಇಟ್ಟಳು. ಕಾಳಣ್ಣ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಹಿಂದೆ ಸರಿದ. “ನನ್ನ ಕೈ ಬ್ಯಾಡ ಮೋಳೆ,” ಎಂದ — ಮಗಳನ್ನು ಅವನು ಕರೆಯುವುದೇ ಹಾಗೆ. ಮಗಳು ಒತ್ತಾಯ ಮಾಡಲಿಲ್ಲ — ಅವಳಿಗೂ ರೂಢಿಯಾಗಿತ್ತು. ನಾನು ಊರಿಗೆ ಹೇಳಿದ ಸುಳ್ಳನ್ನು ಊರು ಎಂದೋ ಮರೆತಿರಬಹುದು, ಅವನೊಬ್ಬ ನಂಬಿ ಕಾಪಾಡಿಕೊಂಡು ಬಂದಿದ್ದ. ಆ ಮನೆಯಲ್ಲಿ ನನಗೆ ಕೊಟ್ಟ ಚಹಾವನ್ನು ಅಲ್ಲೇ ಬಿಟ್ಟು ಪಂಪಿನ ಕಡೆಗೆ ಎದ್ದುಹೋದೆ.

ಹೇಳಲು ಆಮೇಲೂ ಒಂದು ವರ್ಷ ಹಿಡಿಯಿತು. ಮೊನ್ನೆ ಆ ಹೋಳನ್ನು ತೆಗೆದುಕೊಂಡು ಹಾಡಿಗೆ ಹೋದೆ. ಅದನ್ನು ಅವನ ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿದೆ — ತಂತಿ, ತೂತು, ಜೇಬು, ನೀರು. ಅವನು ಹೋಳನ್ನು ತಿರುಗಿಸಿ ನೋಡಿದ. ಸಿಟ್ಟು ಮಾಡಲಿ, ಉಗಿಯಲಿ ಎಂದು ಕಾದೆ. ಕೊನೆಗೆ ಹೇಳಿದ:

“ಅವತ್ತು ಎಲ್ಲಾರ ಮುಂದೆ ಹೇಳಿದ್ರಿ ಮೇಸ್ತ್ರಿ. ಇವತ್ತು ನನ್ನೊಬ್ಬನಿಗೆ ಹೇಳ್ತಿದೀರಿ.”

ಹೋಳನ್ನು ನನಗೇ ವಾಪಸು ಕೊಟ್ಟು ಒಳಗೆ ಹೋದ. ಕ್ಷಮಿಸಿದೆ ಎನ್ನಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ.

ಬರುವ ವಾರ ನನ್ನ ಪಾಲಿಗೆ ಬಂದ ಗದ್ದೆಯಲ್ಲಿ ನಾಟಿ. ನಂಜೇಗೌಡರಿಗೆ ಹೇಳಿಕಳಿಸಿದ್ದೇನೆ, ಅವತ್ತು ಷೆಡ್ಡಿನಲ್ಲಿ ನಿಂತಿದ್ದ ಡ್ರೈವರುಗಳಿಗೂ ಹೇಳಿಕಳಿಸಿದ್ದೇನೆ. ಕಾಳಣ್ಣನ ಮಗಳಿಗೆ, ಅಪ್ಪನನ್ನೂ ಮಗುವನ್ನೂ ಕರೆದುಕೊಂಡು ಬಾ ಎಂದೆ. ಅವರೆಲ್ಲರ ಮುಂದೆ ಬದುವಿನ ಮೇಲೆ ನಿಂತು ಆ ಹೋಳನ್ನು ತೋರಿಸಿ, ಅವನ ಕೈ ತೊಳೆದಿತ್ತು, ನೀರು ಹೊಯ್ದವನು ನಾನು ಎಂದು ಹೇಳಬೇಕು. ಮೊದಲ ಪೈರಿನ ಕಟ್ಟನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ. ಅವನು ಬಂದರೆ ಕೊಡುತ್ತೇನೆ. ಬರದಿದ್ದರೆ ನನ್ನ ಗದ್ದೆ ಈ ಸಲ ಬೀಳು ಬಿದ್ದಿರಲಿ.