ಕೋಟೆ ಉದುರಿದ ಪರದೆ

ಆ ಪಟ್ಟಣ ಯಾವ ನಕಾಶೆಯಲ್ಲೂ ಇಲ್ಲ. ಅದನ್ನು ಕಟ್ಟಿದವರು ನಾನು ಮತ್ತು ನನ್ನ ಅಣ್ಣ. ಬ್ಯಾಡಗಿಯ ನಮ್ಮ ಮನೆಯ ಹಿತ್ತಲಲ್ಲಿದ್ದ ತಗಡಿನ ಶೆಡ್ಡಿನಲ್ಲಿ, ನೆಲಕ್ಕೆ ಹಾಸಿದ ಬಿಳಿ ಬಟ್ಟೆಯ ಮೇಲೆ ಕಟ್ಟಿದೆವು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು.

ಅಣ್ಣ ರಾಣೇಬೆನ್ನೂರಿನಲ್ಲಿ ನಾಟಕಗಳಿಗೆ ಸೀನರಿ ಬಾಡಿಗೆ ಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಹುಡುಗರು ನಾಟಕ ಆಡಿದರೆ ಅರಮನೆ, ಕಾಡು, ರಸ್ತೆಯ ಪರದೆಗಳು ಅಲ್ಲಿಂದಲೇ ಹೋಗುತ್ತಿದ್ದವು. ಹರಿದ ಪರದೆಗೆ ತೇಪೆ ಹಾಕುವುದು, ಮಾಸಿದ ಕಂಬಕ್ಕೆ ಬಣ್ಣ ಕೊಡುವುದು, ಇಷ್ಟೇ ಅವನ ಕೆಲಸ. ಆ ವರ್ಷ ಕುಪ್ಪೇಲೂರಿನ ಕಡೆಯ ಒಂದು ಹಳ್ಳಿಯವರು ಹೊಸ ನಾಟಕ ಹಿಡಿದರು. ಶತ್ರುಗಳು ಮುತ್ತಿಗೆ ಹಾಕುವ ಹೊಳೆದಂಡೆಯ ರಾಜಧಾನಿ ಅದರಲ್ಲಿ ಬರುತ್ತಿತ್ತು. ಅಂಥ ಪರದೆ ಅಂಗಡಿಯಲ್ಲಿರಲಿಲ್ಲ.

"ಈ ಸಲ ನೀನ ಬರಿಯೋ. ಛಲೋ ಬಂತಂದ್ರ ಮುಂದಿನ ಹೊಸಾ ಪರದೆ ಎಲ್ಲಾ ನಿನಗ" ಎಂದು ಮಾಲೀಕರು ಬಟ್ಟೆ, ಪುಡಿ ಬಣ್ಣ, ಅದಕ್ಕೆ ಬೆರೆಸುವ ಅಂಟು ಸರೇಸು ಎಲ್ಲ ಕೊಟ್ಟು ಕಳಿಸಿದ್ದರು. ತೇಪೆ ಹಾಕುವವನು ಪೇಂಟರ್ ಆಗುವುದು ಆ ಒಂದು ಪರದೆಯ ಮೇಲೆ ನಿಂತಿತ್ತು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಅವ್ವನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದವಳು. ಮನೆಗೆ ಬಂದ ಮೇಲೆ ಪರದೆಯ ಬಟ್ಟೆ ಹೊಲಿಯುವುದು, ಬಣ್ಣ ಕಲಸುವುದು ನನ್ನ ಪಾಲಿಗೆ. ಅಣ್ಣ ಇದ್ದಲಿನಲ್ಲಿ ಮೊದಲ ಗೆರೆ ಎಳೆದಾಗ ನನಗೆ ನಗು ಬಂತು. ಚೌಕಾಕಾರದ ಕೋಟೆ, ಅದರ ಮುಂದೆ ನೆಟ್ಟಗೆ ಒಂದು ಹೊಳೆ.

"ಇದೇನ ಹೊಳೀನೋ, ಪಿ.ಬಿ. ರೋಡೋ?" ಎಂದೆ.

"ಮೆಣಸಿನಕಾಯಿ ಎಣಿಸಾಕಿ, ನಿಂಗೇನ ಗೊತ್ತ?"

"ಅಜ್ಜಿ ಊರಾಗ ವರದಾ ಹೊಳಿ ನೋಡಿಲ್ಲೇನ ನೀ? ಎಲ್ಲೆರ ಹಿಂಗ ಬಡಿಗಿ ಇಟ್ಟಂಗ ಹರಿತೈತೇನು?"

ನಮ್ಮ ಅಜ್ಜಿಯ ಊರು ಕರ್ಜಗಿಯ ಹತ್ತಿರ. ಹೊಳೆ ತಿರುಗುವಲ್ಲಿ ಹೊರಗಿನ ದಂಡೆಯನ್ನು ನೀರು ಹೇಗೆ ತಿನ್ನುತ್ತದೆ, ಒಳಗಿನ ದಂಡೆಯಲ್ಲಿ ಉಸುಕು ಹೇಗೆ ಬೀಳುತ್ತದೆ ಎಂದು ಇಬ್ಬರೂ ನೋಡಿ ಬೆಳೆದವರು. ಅವನು ಗೆರೆ ಅಳಿಸಿ, ಪಟ್ಟಣವನ್ನು ಮೂರು ಕಡೆ ಸುತ್ತುವ ಹಾಗೆ ಹೊಳೆಯನ್ನು ಬಗ್ಗಿಸಿದ. ಆದರೆ ಅರಮನೆಯನ್ನು ನೀರು ಬಡಿಯುವ ದಂಡೆಯ ಮೇಲೇ ಇಟ್ಟ, ನೋಡಲು ಚೆಂದವೆಂದು. ಮೊದಲ ಮಹಾಪೂರಕ್ಕೇ ನಿನ್ನ ರಾಜ ಸಿಂಹಾಸನದ ಸಮೇತ ತೇಲಿ ಹೋಗುತ್ತಾನೆ ಎಂದೆ. ಅರಮನೆ ಬಂಡೆಗಲ್ಲಿನ ಗುಡ್ಡ ಹತ್ತಿತು. ಉಸುಕಿನ ದಂಡೆಯಲ್ಲಿ ಅಗಸರ ಕಲ್ಲುಗಳು, ಕಲ್ಲಂಗಡಿ ಬಳ್ಳಿ ಬಂದವು.

ಮೂರು ಕಡೆ ಹೊಳೆಯಾದ ಮೇಲೆ ಶತ್ರು ಬರುವುದು ನಾಲ್ಕನೆಯ ಕಡೆಯಿಂದ. ಅಲ್ಲಿ ಎರಡು ಸುತ್ತಿನ ಗೋಡೆ, ಗೋಡೆಯ ಹೊರಗೆ ಎರಡೂ ತುದಿ ಹೊಳೆಗೆ ಸೇರುವ ಕಂದಕ. ಬೇಸಿಗೆಯಲ್ಲಿ ಕಂದಕ ಬತ್ತುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ ಅಣ್ಣ ಒಂದು ದಿನವಿಡೀ ಯೋಚಿಸಿ ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿದ. ಕೋಟೆಯ ಹೆಬ್ಬಾಗಿಲಾದ ಅಗಸೆಬಾಗಿಲನ್ನು ರಸ್ತೆಗೆ ಎದುರಾಗಿ ಇಡಬಾರದು, ತಿರುವಿನಲ್ಲಿ ಅಡಗಿಸಬೇಕು, ಇಲ್ಲವಾದರೆ ಆನೆ ಓಡಿ ಬಂದು ಗುದ್ದುತ್ತದೆ ಎಂಬುದು ಅವನದೇ ವಿಚಾರ. ಹೆಂಗಸರು ನೀರಿಗೆ ಇಳಿಯುವ ಕಿರುಬಾಗಿಲು ನನ್ನದು. ಎರಡು ಗೋಡೆಗಳ ನಡುವೆ ಮೆಟ್ಟಿಲು, ಮೇಲೆ ಮಾಳಿಗೆ, ಶತ್ರುವಿಗೆ ತಲೆಯೂ ಕಾಣದ ಹಾಗೆ.

"ಯಾರಿಗೂ ಕಾಣಲಾರದ್ದನ್ನ ಪರದೇದಾಗ ಯಾಕ ಬರೀಬೇಕು?" ಎಂದ ಅಣ್ಣ.

"ಮುತ್ತಿಗಿ ಆರ ತಿಂಗಳ ನಡದ್ರ ರಾಣಿ ಏನ ಕುಡೀಬೇಕು? ನಿನ್ನ ಬಣ್ಣದ ನೀರೇನು?"

ಅವನು ನಕ್ಕು, ಬುರುಜಿನ ನೆರಳಿನಲ್ಲಿ ಬೆರಳಗಲದ ಒಂದು ಬಾಗಿಲು ಬರೆದ.

ಇನ್ನು ಸರೇಸಿನ ಮಾತು. ಅದು ತೊಗಲು, ಎಲುಬು ಕುದಿಸಿ ಮಾಡಿದ ಅಂಟು. ಗಟ್ಟಿ ತುಂಡುಗಳನ್ನು ನೆನೆಸಿ, ಸಣ್ಣ ಉರಿಯಲ್ಲಿ ಕರಗಿಸಿ ಪುಡಿ ಬಣ್ಣಕ್ಕೆ ಸೇರಿಸಿದರೆ ಮಾತ್ರ ಬಣ್ಣ ಬಟ್ಟೆಯನ್ನು ಹಿಡಿಯುತ್ತದೆ. ಚಿಂದಿಯೊಂದರ ಮೇಲೆ ಹಚ್ಚಿ, ಒಣಗಿಸಿ, ಹೆಬ್ಬೆರಳಿನಿಂದ ಉಜ್ಜಿ ನೋಡಬೇಕು. ಬೆರಳಿಗೆ ಪುಡಿ ಹತ್ತಿದರೆ ಅಂಟು ಸಾಲದು. ಕುದಿಯುವಾಗ ಅದರ ವಾಸನೆ ಹೊಟ್ಟೆ ತೊಳಸುತ್ತದೆ. ಮಾಂಸ ಬೇಯಿಸದ ಮನೆ ನಮ್ಮದು. ಅವ್ವ ಪ್ರತಿಸಲ ಮೂಗಿಗೆ ಸೆರಗು ಹಿಡಿಯುತ್ತಿದ್ದಳು.

ಆಕಾಶ ಮತ್ತು ಹೊಳೆ ಸರೇಸಿನ ಬಣ್ಣದಲ್ಲಿ ಮುಗಿದಿದ್ದವು. ಪಟ್ಟಣಕ್ಕೆ ಬಣ್ಣ ಹಾಕುವುದಷ್ಟೇ ಉಳಿದಿತ್ತು. ಅಣ್ಣ ಕೆಲಸದ ಮೇಲೆ ರಾಣೇಬೆನ್ನೂರಿಗೆ ಹೋಗುವಾಗ ಕೋಟೆಯ ಬಣ್ಣಗಳನ್ನು ಕಲಸಿಡಲು ನನಗೆ ಹೇಳಿದ. ಮರುದಿನ ಹಾವೇರಿಯಿಂದ ನನ್ನನ್ನು ನೋಡಲು ಗಂಡಿನವರು ಬರುವವರಿದ್ದರು. ಅಂಗಡಿ ಇದ್ದವರು, ಮಡಿವಂತರು.

"ತೊಗಲ ಕುದಿಸಿದ ವಾಸನ್ಯಾಗ ಬೀಗರನ್ನ ಕುಂದ್ರಸ್ತೀಯೇನ? ಇವತ್ತೊಂದಿನ ಒಲಿ ಹಚ್ಚಬ್ಯಾಡ" ಎಂದಳು ಅವ್ವ.

ಅವ್ವ ಹೇಳಿದ್ದು ಒಂದು ದಿನ ಬಿಡು ಎಂದು. ನಾನು ಅಷ್ಟೂ ಕಾಯಲಿಲ್ಲ. ಅಣ್ಣ ಬಂದರೆ ಬಣ್ಣ ಸಿದ್ಧವಿರಬೇಕು, ಮನೆಯೂ ನಾರಬಾರದು. ಅನ್ನ ಬಸಿದ ಗಂಜಿಗೂ ಅಂಟು ಇರುತ್ತದಲ್ಲ ಎಂದುಕೊಂಡು ಗಂಜಿಯಲ್ಲಿ ಬಣ್ಣ ಕಲಸಿದೆ. ನೆನೆಸಿಟ್ಟ ಸರೇಸನ್ನು ತಿಪ್ಪೆಗೆ ಸುರಿದು ಮೇಲೆ ಸಗಣಿ ಎಳೆದೆ. ಹಾವೇರಿಯವರು ಬಂದರು, ಅವಲಕ್ಕಿ ತಿಂದು, ಚಹಾ ಕುಡಿದು ಹೋದರು.

ಅಣ್ಣ ಬಂದು ಕುಂಚ ಹಿಡಿದವನು, "ಬಣ್ಣ ಯಾಕೋ ಜಾರಿದಂಗ ಆಗತೈತಿ. ಉಜ್ಜಿ ನೋಡಿದ್ಯಾ?" ಎಂದು ಕೇಳಿದ.

"ನೋಡೇನಿ" ಎಂದೆ.

ನನ್ನ ಮಾತು ನಂಬಿ ಅವನು ಇಡೀ ಪಟ್ಟಣಕ್ಕೆ ಬಣ್ಣ ಹಾಕಿದ.

ನಾಟಕದ ದಿನ ಮಧ್ಯಾಹ್ನವೇ ನನ್ನನ್ನೂ ಅವ್ವನನ್ನೂ ಕರೆದುಕೊಂಡು ಹೋದ. ಸ್ಟೇಜಿನ ಮೇಲೆ ಹಾರ್ಮೋನಿಯಂ ಮಾಸ್ತರರು, ರಾಣಿಯ ಪಾತ್ರಕ್ಕೆಂದು ಹೊರಗಿನಿಂದ ಕರೆಸಿದ ನಟಿ ಚಹಾ ಕುಡಿಯುತ್ತ ಕೂತಿದ್ದರು. ಮಾಲೀಕರು ಕೈಕಟ್ಟಿ ನಿಂತಿದ್ದರು. ಅಣ್ಣ ಹಗ್ಗ ಬಿಟ್ಟ. ಸುರುಳಿ ಸರ್ರನೆ ಇಳಿಯಿತು. ಗುಡ್ಡ, ಅರಮನೆ, ಎರಡು ಸುತ್ತಿನ ಗೋಡೆ, ತಿರುವಿನ ಅಗಸೆ, ಒಡ್ಡು ಎಲ್ಲವೂ ಬಿಸಿಲಿನಲ್ಲಿ ಒಮ್ಮೆ ಕಂಡವು. ಯಾರೋ "ಆಹಾ" ಎಂದರು. ಕೆಳಗಿನ ಬಿದಿರು ಹಲಗೆಗೆ ಬಡಿದು ಬಟ್ಟೆ ಜಗ್ಗಿತು ನೋಡಿ, ಬತ್ತಿದ ಕೆರೆಯ ತಳದ ಹಾಗೆ ಕೋಟೆಯಲ್ಲೆಲ್ಲ ಬಿರುಕು ಓಡಿತು. ಬಣ್ಣ ಹಕ್ಕಳೆ ಹಕ್ಕಳೆಯಾಗಿ ಕಳಚಿ ಬಿತ್ತು. ಹಾರ್ಮೋನಿಯಂ ಮೇಲೆ, ಚಹಾದ ಲೋಟದಲ್ಲಿ, ನಟಿಯ ತಲೆಯ ಮೇಲೆ.

"ಅಯ್ಯ ಶಿವನ, ಊರಿಗೆ ಊರ ನನ್ನ ಮ್ಯಾಲೆ ಬಿತ್ತಲ್ರೀ!" ಎಂದು ಆಕೆ ಎದ್ದು ಸೆರಗು ಝಾಡಿಸಿದಳು. ಜನ ಬಿದ್ದು ಬಿದ್ದು ನಕ್ಕರು.

ಧೂಳು ಇಳಿದ ಮೇಲೆ ನೋಡಿದರೆ ಆಕಾಶ ಹಾಗೇ ಇತ್ತು, ಹೊಳೆ ಹಾಗೇ ಇತ್ತು. ನಡುವೆ ಬರೀ ಬಟ್ಟೆ. ಯಾರೂ ಇಲ್ಲದ ಜಾಗವನ್ನು ಸುತ್ತಿಕೊಂಡು ಹೊಳೆ ಹರಿಯುತ್ತಿತ್ತು. ಅಣ್ಣ ಹತ್ತಿರ ಹೋಗಿ ಹೆಬ್ಬೆರಳಿನಿಂದ ಉಜ್ಜಿದ. ಆ ಬೆರಳನ್ನೇ ನೋಡುತ್ತ ನಿಂತುಬಿಟ್ಟ. ಆ ದಿನ ಹಳೆಯ ಅರಮನೆ ಪರದೆ ಕಟ್ಟಿ ನಾಟಕ ಆಡಿದರು.

ಮರುದಿನ ಮಾಲೀಕರು ನಮ್ಮ ಮನೆಗೇ ಬಂದರು.

"ಸರೇಸು ನಾನ ತೂಗಿ ಕೊಟ್ಟೇನಿ. ಪರದೇಕ ಹತ್ತಿಲ್ಲಂದ್ರ ಎಲ್ಲಿ ಹೋತು? ಮಾರಿಕೊಂಡೇನಪಾ?"

"ಇಲ್ರೀ ಯಪ್ಪಾ. ಬೇಕಾರ ತಂಗಿನ್ನ ಕೇಳ್ರಿ, ಆಕಿನ ಕಲಸ್ಯಾಳ" ಎಂದ ಅಣ್ಣ.

ಅವತ್ತು ಮುಂಜಾನೆಯಷ್ಟೇ ಹಾವೇರಿಯಿಂದ ಒಪ್ಪಿಗೆ ಬಂದಿತ್ತು. ಬಾಗಿಲಲ್ಲಿ ಓಣಿಯ ಹೆಂಗಸರು ನಿಂತಿದ್ದರು. ನಾನು ನಿಜ ಹೇಳಿದರೆ, ಹುಡುಗಿ ತೊಗಲಿನ ಅಂಟು ಕುದಿಸುವವಳು, ಅದನ್ನು ಮುಚ್ಚಿಟ್ಟವಳು ಎಂಬ ಮಾತು ಸಂಜೆಯೊಳಗೆ ಹಾವೇರಿ ಮುಟ್ಟುತ್ತಿತ್ತು.

"ನಂಗೇನ ಗೊತ್ತಿಲ್ರಿ. ಎಲ್ಲಾ ಅಣ್ಣನ ಕಲಸಿದ್ದು" ಎಂದೆ.

ನನ್ನ ದನಿ ಒಂಚೂರೂ ನಡುಗಲಿಲ್ಲ. ಇದು ನನ್ನ ಬಾಯೇ ಎಂದು ನನಗೇ ದಿಗಿಲಾಯಿತು. ಅಣ್ಣ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಅಪರಿಚಿತರು ಮೈಮೇಲೆ ನೀರು ಎರಚಿದರೆ ಹೇಗೆ ನೋಡುತ್ತಾರೋ ಹಾಗೆ ನೋಡಿದ. ಆಮೇಲೆ ಮಾಲೀಕರ ಕಡೆ ತಿರುಗಿ, "ಹೌದ್ರಿ. ನಾನ ಕಲಸೀನಿ" ಎಂದ.

"ಹಂಗಾರ ಮಾರಿಕೊಂಡಿ."

"ಹಂಗ ತಿಳ್ಕೋರಿ."

ಕಳ್ಳನೆಂಬ ಹೆಸರು ಹೊತ್ತವನಿಗೆ ಬೇರೆ ಅಂಗಡಿಯವರೂ ಕುಂಚ ಕೊಡಲಿಲ್ಲ. ಅವನು ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲಗಳ ಬಾಯಿ ಹೊಲಿಯುವ ಕೆಲಸಕ್ಕೆ ಸೇರಿದ. ನಾನು ಮದುವೆಯಾಗಿ ಹಾವೇರಿಗೆ ಬಂದೆ. ಅಣ್ಣ ಹಬ್ಬಕ್ಕೆ ಬರುತ್ತಿದ್ದ, ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದ. ಪರದೆಯ ಮಾತು ಎತ್ತಲಿಲ್ಲ.

ಏಳು ವರ್ಷ ಹೀಗೆ ಕಳೆದ ಮೇಲೆ, ತಡೆಯಲಾರದೆ ಒಂದು ದಿನ ರಾಣೇಬೆನ್ನೂರಿಗೆ ಹೋಗಿ ಮಾಲೀಕರ ಮುಂದೆ ಎಲ್ಲ ಹೇಳಿದೆ. ಅವರು ಕುರ್ಚಿಯಿಂದ ಅರ್ಧ ಎದ್ದು ಹಾಗೇ ಕೂತರು. "ಏನವಾ ಇದು! ನಾ ಅವಗ ಕಳ್ಳ ಅಂದೇನಿ. ಈಗ ಫ್ಲೆಕ್ಸ್ ಬಂದು ನಮ್ಮ ಕೆಲಸಾನೂ ಕಡಿಮಿ ಆಗೈತಿ. ಆದ್ರೂ ಬರಾಕ ಹೇಳ ಅವಗ" ಎಂದರು.

ಅಲ್ಲಿಂದ ನೇರ ಬ್ಯಾಡಗಿಗೆ ಹೋದೆ. ಅಣ್ಣ ಚೀಲದ ಮೇಲೆ ದಬ್ಬಣ ಹಿಡಿದು ಕೂತಿದ್ದ. ಖುಷಿ ಪಡುತ್ತಾನೆ ಎಂದುಕೊಂಡಿದ್ದೆ.

"ಯಾರನ್ನ ಕೇಳಿ ಹೋಗಿದ್ದಿ?" ಎಂದ. "ಯಾರಿಗೆ ಅಂಜಿ ಸುಳ್ಳ ಹೇಳಿದಿ, ಅವರಿಗೆ ಹೇಳಿಯೇನು? ನಿಮ್ಮ ಅತ್ತಿಗೆ?"

ಅವನು ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟ.

"ನಿನಗ ಏನೂ ತ್ರಾಸ ಆಗಲಾರದ ಕಡೆ ಹೇಳಿ ಬಂದಿ. ಮೊದಲ ಅಲ್ಲಿ ಹೇಳು. ಆಮ್ಯಾಲ ನಾ ರಾಣೇಬೆನ್ನೂರಿಗೆ ಹೋಗೂ ಮಾತು."

ಆ ವಾರವೇ, ಅತ್ತೆ ಕಡಲೆ ಬೇಳೆ ಆರಿಸುತ್ತ ಕೂತಿದ್ದಾಗ, ಎದುರಿಗೆ ಕೂತು ಹೇಳಿದೆ. ಅತ್ತೆ ಮೊರ ಕೆಳಗಿಟ್ಟರು.

"ವಾಸನಿ ನಮಗ ಬಂದಿಲ್ಲಂತ ತಿಳದೀಯೇನ?" ಎಂದರು. "ನಿಮ್ಮ ಮನ್ಯಾಗ ಗ್ವಾಡಿಗೆಲ್ಲಾ ಅದ ವಾಸನಿ ಹತ್ತಿತ್ತು. ಹೊಳ್ಳಿ ಬರೂವಾಗ ಬಸ್ಸಿನ್ಯಾಗ ನಿಮ್ಮ ಮಾವ, ಹುಡುಗಿ ಅಣ್ಣ ಪರದೆ ಬರಿಯಾಂವ ಅಂತ, ಅದರದ ಇರಬೇಕು ಅಂದ್ರು. ಮುಗದಹೋತು. ಅದಕ್ಯಾಕ ಅಷ್ಟ ಅಂಜಿದ್ದಿ?"

ಮತ್ತೆ ಮೊರ ತೆಗೆದುಕೊಂಡು ಆರಿಸತೊಡಗಿದರು. ನಾನು ಎದ್ದು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತೆ. ಅಳುವೂ ಬರಲಿಲ್ಲ.

ಸಂಜೆ ಅಣ್ಣನ ಫೋನ್ ಬಂತು. "ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

ಇದ್ದದ್ದನ್ನು ಹೇಳಿದರೆ, ಅವನು ಏಳು ವರ್ಷ ಕಳ್ಳನೆನಿಸಿಕೊಂಡದ್ದು ವ್ಯರ್ಥ ಎಂದಾಗುತ್ತಿತ್ತು.

"ಬೈದ್ರು. ಭಾಳ ಬೈದ್ರು. ಆಗ ಗೊತ್ತಾಗಿದ್ರ ನಿನ್ನ ತರತಿದ್ದಿಲ್ಲ ಅಂದ್ರು" ಎಂದೆ.

ಅಣ್ಣ, "ಬೈಲಿ ಬಿಡವಾ, ಮನಸಿಗೆ ಹಚ್ಚಿಕೋಬ್ಯಾಡ" ಎಂದ. ಅವನ ದನಿ ಹಗುರಾಗಿತ್ತು. "ಸೋಮವಾರ ರಾಣೇಬೆನ್ನೂರಿಗೆ ಹೋಗಿ ಬರತೇನಿ" ಎಂದು ಫೋನ್ ಇಟ್ಟ.

ಸೋಮವಾರ ಅವನು ಹೋದ. ಅತ್ತೆ ನಿಜವಾಗಿ ಏನೆಂದರು ಎಂಬುದನ್ನು ನಾನು ಅವನಿಗೆ ಇನ್ನೂ ಹೇಳಿಲ್ಲ.